ಪೇಢಾ ಕೊಟ್ಟ ಎಮ್ಮೆಯ ಕೊನೆಯ ಲೆಕ್ಕ: ನಮ್ಮೂರಿನ ಬರ್ಗರ್‌ಗೂ ಒಂದು ಇತಿಹಾಸ

ಇಯರ್‌ಫೋನ್ ಸಿಗಿಸಿಕೊಂಡು ಚಿಗರಿ ಬಸ್ ಹತ್ತಿದವರಿಗೆ, ಅಡುಗೆಮನೆ ಕಟ್ಟೆಗೆ ಫೋನ್ ಒರಗಿಸಿಟ್ಟು ಕೇಳ್ತಿರೋರಿಗೆ, ಹಾಸ್ಟೆಲ್ ಮಂಚದ ಮೇಲೆ ಅಡ್ಡಾದವರಿಗೆ, ಎಲ್ಲರಿಗೂ ಸ್ವಾಗತ. ಹುಬ್ಬಳ್ಳಿಯಲ್ಲಿ ಈಗಷ್ಟೇ ಬಸ್ ಹತ್ತಿದ್ದರೆ ಈ ಎಪಿಸೋಡ್ ಮುಗಿಯೋದರೊಳಗೆ ನವನಗರ ದಾಟಿರ್ತೀರಿ.

ಇವತ್ತಿನ ವಿಷಯ ಬರ್ಗರ್. ಅದೂ ಬೀಫ್ ಬರ್ಗರ್, ಮನೆಯಲ್ಲೇ ಕೆಂಡದ ಮೇಲೆ ಸುಟ್ಟದ್ದು. ಫೋನಿನಲ್ಲಿ ಹುಡುಕಿದರೆ ಸಾವಿರ ವಿಡಿಯೋ ಸಿಗ್ತಾವೆ. ಅಮೆರಿಕದ ಯಾವುದೋ ಹಿತ್ತಲು, ದೊಡ್ಡ ಗ್ರಿಲ್, ಈ ಕಡೆ ನಾಲ್ಕು ನಿಮಿಷ, ಆ ಕಡೆ ನಾಲ್ಕು ನಿಮಿಷ, ಮುಗೀತು. ಆ ವಿಡಿಯೋಗಳಲ್ಲಿ ಯಾರೂ ಕೇಳದ ಎರಡು ಪ್ರಶ್ನೆ ನಮ್ಮೂರಲ್ಲಿ ಮೊದಲಿಗೇ ಬರ್ತಾವೆ. ಇದು ಯಾವ ಪ್ರಾಣಿ? ಅದರ ವಯಸ್ಸೆಷ್ಟು?

ಉತ್ತರ ಸಣ್ಣದು. ಎಮ್ಮೆ ಅಥವಾ ಕೋಣ. ವಯಸ್ಸು 13 ತುಂಬಿರಬೇಕು. ಕರ್ನಾಟಕದಲ್ಲಿ ಇವತ್ತು ಕಾನೂನು ಒಪ್ಪುವ ಬರ್ಗರ್ ಇದೊಂದೇ. ಆದರೆ ಈ ಸಣ್ಣ ಉತ್ತರದ ಹಿಂದೆ ದೊಡ್ಡ ಕಥೆ ಇದೆ. ಅದರಲ್ಲಿ ಒಬ್ಬ ಚಾಲುಕ್ಯ ರಾಜ, ಇಬ್ಬರು ಪೋರ್ಚುಗೀಸರು, ಹ್ಯಾಂಬರ್ಗ್ ಬಂದರು, ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪ್, ಸುಪ್ರೀಂ ಕೋರ್ಟ್ ಎಲ್ಲಾ ಬರ್ತಾರೆ. ಧಾರವಾಡ ಪೇಢಾ ಕೂಡ ಬರ್ತದೆ. ಹೌದ್ರೀ, ಪೇಢಾನೇ.

ತಿನ್ನುವವರೂ ಕೇಳಬಹುದು, ತಿನ್ನದವರೂ ಕೇಳಬಹುದು. ತಟ್ಟೆಯಲ್ಲಿ ಏನಿರಬೇಕು ಅಂತ ಹೇಳೋಕೆ ನಾನು ಯಾರೂ ಅಲ್ಲ. ಆ ತಟ್ಟೆಗೆ ಅದು ಹೇಗೆ ಬಂತು ಅನ್ನೋದಷ್ಟೇ ಇವತ್ತಿನ ಮಾತು.

ರಾಜನ ಅಡುಗೆಮನೆಯಿಂದ ಶುರು ಮಾಡೋಣ

ಬರ್ಗರ್‌ನಿಂದ ಬನ್ ತೆಗೆದುಬಿಡಿ. ಉಳಿಯೋದು ಕೊಚ್ಚಿದ ಮಾಂಸ, ಉಪ್ಪು, ಬೆಂಕಿ. ಈ ಮೂರೂ ಕನ್ನಡ ನೆಲಕ್ಕೆ ಹೊಸದಲ್ಲ.

ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ, ಸುಮಾರು 1130ರ ಹೊತ್ತಿಗೆ 'ಮಾನಸೋಲ್ಲಾಸ' ಅನ್ನೋ ಗ್ರಂಥ ರಚಿಸಿದ. ಕಲ್ಯಾಣ ಅಂದ್ರೆ ಇವತ್ತಿನ ಬೀದರ್ ಜಿಲ್ಲೆಯ ಬಸವಕಲ್ಯಾಣ. ಐದು ಭಾಗ, ಒಂದೊಂದರಲ್ಲಿ ಇಪ್ಪತ್ತು ಅಧ್ಯಾಯ, ಒಟ್ಟು ನೂರು. ರಾಜನಾದವನು ತಿಳಿದಿರಬೇಕಾದದ್ದೆಲ್ಲಾ ಅದರಲ್ಲಿದೆ. ಆನೆ, ರತ್ನ, ಸಂಗೀತ, ಬೇಟೆ, ಜೊತೆಗೆ ಊಟ. ಊಟದ ಭಾಗದಲ್ಲಿ ಹಂದಿ, ಜಿಂಕೆ, ಆಡು, ಮೀನು ಬೇಯಿಸುವ ವಿಧಾನಗಳಿವೆ. ಮಾಂಸದ ತುಂಡನ್ನು ಕಡ್ಡಿಗೆ ಚುಚ್ಚಿ ಕೆಂಡದ ಮೇಲೆ ಸುಡೋದಿದೆ. ಸಣ್ಣಗೆ ಕೊಚ್ಚಿ ಮಸಾಲೆ ಬೆರೆಸಿ ಉಂಡೆ ಕಟ್ಟೋದೂ ಇದೆ. ಒಂಬೈನೂರು ವರ್ಷದ ಹಿಂದಿನ ಗ್ರಿಲ್ ಮೆನು ಅಂತಲೇ ಅನ್ನಬಹುದು.

ಇಲ್ಲೊಂದು ತಮಾಷೆ ಇದೆ. ಈ ಪುಸ್ತಕ ಇರೋದು ಸಂಸ್ಕೃತದಲ್ಲಿ. ಅದಾದ ಮೇಲೆ ಕನ್ನಡದಲ್ಲೇ ಬಂದ ಹೆಸರಾಂತ ಅಡುಗೆ ಗ್ರಂಥ ಮೂರನೇ ಮಂಗರಸನ 'ಸೂಪಶಾಸ್ತ್ರ'. ಮಂಗರಸ ಜೈನ, ಅವನ ಪುಸ್ತಕದಲ್ಲಿ ಮಾಂಸದ ಸುಳಿವೂ ಇಲ್ಲ. ಅಂದ್ರೆ ನಮ್ಮ ನೆಲದ ಮಾಂಸದಡುಗೆ ಓದಬೇಕಿದ್ದರೆ ಸಂಸ್ಕೃತ ತೆಗೀಬೇಕು, ಸಸ್ಯಾಹಾರ ಓದಬೇಕಿದ್ದರೆ ಕನ್ನಡ. ನಾವು ತಲೆಯಲ್ಲಿ ಇಟ್ಟುಕೊಂಡ ಚಿತ್ರಕ್ಕೆ ಇದು ಪೂರ್ತಿ ಉಲ್ಟಾ, ಹೌದಿಲ್ಲೋ?

ಈಗ ಕಲ್ಯಾಣದಿಂದ ಹಂಪಿಗೆ ಬರೋಣ, ನಾನೂರು ವರ್ಷ ಮುಂದಕ್ಕೆ. 1530ರ ದಶಕದಲ್ಲಿ ವಿಜಯನಗರದಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ಫೆರ್ನಾವೊ ನುನಿಜ್ ಒಂದು ವಿಷಯ ಗಮನಿಸಿ ಬರೆದಿದ್ದಾನೆ. ಇಲ್ಲಿಯ ಅರಸರು ಕುರಿ, ಹಂದಿ, ಜಿಂಕೆ, ಮೊಲ, ಹಕ್ಕಿ ಎಲ್ಲಾ ತಿನ್ನುತ್ತಾರೆ, ಆದರೆ ಹಸು ಎತ್ತುಗಳನ್ನು ಮಾತ್ರ ಮುಟ್ಟೋದಿಲ್ಲ, ಈ ನಾಡಿನಲ್ಲಿ ಅವನ್ನು ಕೊಲ್ಲೋದೇ ಇಲ್ಲ ಅಂತ. ಅವನಿಗಿಂತ ಸ್ವಲ್ಪ ಮೊದಲು, ಕೃಷ್ಣದೇವರಾಯನ ಕಾಲದಲ್ಲಿ ಬಂದಿದ್ದ ಡೊಮಿಂಗೊ ಪಯಸ್ ಮಹಾನವಮಿ ಹಬ್ಬ ನೋಡಿದ. ಹಬ್ಬದ ಕೊನೆಯ ದಿನ 250 ಕೋಣ, 4,500 ಕುರಿ ಬಲಿಯಾದವು ಅಂತ ಅವನ ಲೆಕ್ಕ.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಹಸುವಿಗೆ ಒಂದು ನಿಯಮ, ಎಮ್ಮೆಗೆ ಇನ್ನೊಂದು. ಇವತ್ತು ನಮ್ಮ ಕಾನೂನಿನಲ್ಲಿ ಕಾಣುವ ಗೆರೆ ಐನೂರು ವರ್ಷದ ಹಿಂದೆಯೇ ಇಲ್ಲಿತ್ತು. ಹಳ್ಳಿಗಳಲ್ಲೂ ಅಷ್ಟೇ. ದ್ಯಾಮವ್ವನ ಜಾತ್ರೆ, ಪಟ್ಟದ ಕೋಣ ಅನ್ನೋ ಮಾತು ನಿಮ್ಮ ಅಜ್ಜಿಗೆ ಗೊತ್ತಿರ್ತದೆ, ಕೇಳಿ ನೋಡಿ. ಆ ಕೋಣದ ಮಾಂಸ ಊರ ಯಾವ ಕೇರಿಗೆ ಹೋಗ್ತಿತ್ತು ಅನ್ನೋದೂ ಗೊತ್ತಿರ್ತದೆ. ದೇವಸ್ಥಾನದ ಬಲಿಯನ್ನು 1959ರ ಕಾನೂನು ನಿಷೇಧಿಸಿತು. ಮಾತು ಮಾತ್ರ ಉಳಿದಿದೆ.

ಹ್ಯಾಂಬರ್ಗ್‌ನಿಂದ ಬಂದ ಹೆಸರು

ಇನ್ನು ಬರ್ಗರ್ ಅನ್ನೋ ಹೆಸರು. ಇದು ಜರ್ಮನಿಯ ಹ್ಯಾಂಬರ್ಗ್ ಬಂದರಿನಿಂದ ಬಂದದ್ದು. 19ನೇ ಶತಮಾನದಲ್ಲಿ ಲಕ್ಷಗಟ್ಟಲೆ ಜನ ಆ ಬಂದರಿನಿಂದ ಹಡಗು ಹತ್ತಿ ಅಮೆರಿಕಕ್ಕೆ ಹೋದರು. ನ್ಯೂಯಾರ್ಕ್ ಹೋಟೆಲುಗಳಲ್ಲಿ 'ಹ್ಯಾಂಬರ್ಗ್ ಸ್ಟೀಕ್' ಅಂತ ಕೊಚ್ಚಿದ ದನದ ಮಾಂಸದ ಬಿಲ್ಲೆ ಮೆನುಗೆ ಬಂತು. ಅದನ್ನ ಮೊದಲು ಬ್ರೆಡ್ಡಿನ ನಡುವೆ ಇಟ್ಟವರು ಯಾರು ಅಂತ ಅಮೆರಿಕದ ಐದಾರು ಊರುಗಳು ಇವತ್ತಿಗೂ ಜಗಳ ಆಡ್ತಾವೆ. ನಮ್ಮಲ್ಲಿ ಮಿರ್ಚಿ ಯಾರದ್ದು ಚಲೋ ಅಂತ ನಡೆಯುವ ಜಗಳದ ಥರಾನೇ, ಅದು ತೀರ್ಮಾನ ಆಗುವಂಥದ್ದಲ್ಲ.

ನಮಗೆ ಬೇಕಾದ ವಿಷಯ ಬೇರೆ. ಮಾಂಸವನ್ನು ಕೊಚ್ಚೋದು ಯಾಕೆ? ಎಳೆ ಪ್ರಾಣಿಯ ಮೆತ್ತಗಿನ ತುಂಡು ಸಿಕ್ಕವರು ಕೊಚ್ಚೋದಿಲ್ಲ, ಹಂಗೇ ಸುಡ್ತಾರೆ. ವಯಸ್ಸಾದ ಪ್ರಾಣಿಯ ಮಾಂಸದಲ್ಲಿ ಕಾಲಜನ್ ಅನ್ನೋ ನಾರಿನ ಬಂಧ ಗಟ್ಟಿಯಾಗಿರ್ತದೆ, ಹಲ್ಲಿಗೆ ಬಗ್ಗೋದಿಲ್ಲ. ಕುತ್ತಿಗೆ, ಭುಜ, ಕಾಲು ಅಂತ ಹೆಚ್ಚು ದುಡಿದ ಭಾಗಗಳೂ ಹಾಗೆಯೇ. ಅವೇ ಅಗ್ಗದ ಮಾಂಸ. ಯಂತ್ರಕ್ಕೆ ಹಾಕಿ ತಿರುವಿದರೆ ಆ ನಾರು ತುಂಡಾಗ್ತದೆ. ಅಂದ್ರೆ ಖೀಮಾ ಅನ್ನೋದು, ಮೆತ್ತಗಿನ ಮಾಂಸ ಕೊಳ್ಳೋಕೆ ಆಗದವರು ಗಟ್ಟಿ ಮಾಂಸವನ್ನ ಮೆತ್ತಗೆ ಮಾಡಿಕೊಂಡ ದಾರಿ. ಶೀಕ್ ಕಬಾಬ್, ಕೋಫ್ತಾ, ಹ್ಯಾಂಬರ್ಗ್ ಸ್ಟೀಕ್, ಎಲ್ಲದರ ಗುಟ್ಟೂ ಒಂದೇ.

ಕೊಚ್ಚಿದ ಮಾಂಸಕ್ಕೆ ಕೆಟ್ಟ ಹೆಸರೂ ಬೇಗ ಬಂತು, ಯಾಕಂದ್ರೆ ಒಳಗೆ ಏನು ಸೇರಿಸಿದ್ದಾರೆ ಅಂತ ಕಾಣೋದಿಲ್ಲ. 1906ರಲ್ಲಿ ಅಪ್ಟನ್ ಸಿಂಕ್ಲೇರ್ ಅವರ 'ದಿ ಜಂಗಲ್' ಕಾದಂಬರಿ ಶಿಕಾಗೊ ಮಾಂಸದ ಕಾರ್ಖಾನೆಗಳ ಕೊಳಕನ್ನ ಹೊರಗೆ ಹಾಕಿತು. ಅದೇ ವರ್ಷ ಅಮೆರಿಕದಲ್ಲಿ ಮಾಂಸ ತಪಾಸಣೆಯ ಕಾನೂನು ಬಂತು. 1921ರಲ್ಲಿ ಕಾನ್ಸಾಸ್ ರಾಜ್ಯದ ವಿಚಿಟಾದಲ್ಲಿ ವೈಟ್ ಕ್ಯಾಸಲ್ ಅನ್ನೋ ಅಂಗಡಿ ಶುರುವಾದಾಗ ಅದರ ಬಣ್ಣ ಬಿಳಿ, ಹೆಸರೂ ಬಿಳಿ, ಒಳಗೆಲ್ಲಾ ಹೊಳೆಯುವ ಸ್ಟೀಲು. ಗಿರಾಕಿಯ ಕಣ್ಣೆದುರೇ ಬೇಯಿಸಿ, ಐದು ಸೆಂಟಿಗೆ ಒಂದು ಬರ್ಗರ್ ಕೊಟ್ಟರು. ಅವರು ಮಾರಿದ್ದು ಬರ್ಗರ್ ಜೊತೆಗೆ ನಂಬಿಕೆಯನ್ನ.

ನಮ್ಮೂರಿಗೆ ಬಂದದ್ದು ಬೇರೆ ಹೆಸರಲ್ಲಿ

ಹುಬ್ಬಳ್ಳಿಗೆ ಈ ಬಿಲ್ಲೆ ಬಂದಾಗ ಅದರ ಹೆಸರು ಬರ್ಗರ್ ಆಗಿರಲಿಲ್ಲ. ಒಂದು ದಾರಿ ಹಳೆಯದು. ಬಿಜಾಪುರದ ಆದಿಲ್‌ಶಾಹಿ, ಆಮೇಲೆ ಸವಣೂರಿನ ನವಾಬರು ಈ ಭಾಗ ಆಳಿದಾಗಿನಿಂದ ಖೀಮಾ, ಕಬಾಬ್, ಕೋಫ್ತಾ ಇಲ್ಲಿಯ ಮಾತಿನಲ್ಲಿ ಬೆರೆತಿವೆ. ಹಳೇ ಹುಬ್ಬಳ್ಳಿಯ ದಖ್ಖನಿ ಮಾತಿನಲ್ಲಿ ಕುರಿ-ಮೇಕೆದು 'ಛೋಟೇ ಕಾ', ಎಮ್ಮೆದು 'ಬಡೇ ಕಾ'. ಸಣ್ಣದು, ದೊಡ್ಡದು, ಅಷ್ಟೇ. ಪ್ರಾಣಿಯ ಹೆಸರು ಹೇಳದೇ ವ್ಯವಹಾರ ಮುಗಿಸುವ ಜಾಣತನ ಆ ಎರಡು ಮಾತಿನಲ್ಲಿದೆ.

ಇನ್ನೊಂದು ದಾರಿ ರೈಲು. ಸದರ್ನ್ ಮರಾಠಾ ರೈಲ್ವೆ ಕಂಪನಿ 1885ರಲ್ಲಿ ಹುಬ್ಬಳ್ಳಿಯಲ್ಲಿ ವರ್ಕ್‌ಶಾಪ್ ಶುರು ಮಾಡಿತು. ಅದರ ಜೊತೆ ಇಂಗ್ಲಿಷರು, ಆಂಗ್ಲೋ-ಇಂಡಿಯನ್ ಕುಟುಂಬಗಳು, ರೈಲ್ವೆ ಕಾಲೊನಿ ಬಂದವು. ಅವರ ಅಡುಗೆಯಲ್ಲಿ ಕೊಚ್ಚಿದ ಮಾಂಸದ ಬಿಲ್ಲೆಗೆ ಕಟ್ಲೆಟ್ ಅಂತ ಹೆಸರು. ಆಮೇಲೆ ಆ ಹೆಸರು ರೈಲಿನಲ್ಲಿ ಎಷ್ಟು ದೂರ ಪ್ರಯಾಣ ಮಾಡ್ತು ಅಂದ್ರೆ, ಮಾಂಸ ಕೆಳಗಿಳಿದು ಬೀಟ್‌ರೂಟ್, ಆಲೂಗಡ್ಡೆ ಹತ್ತಿ ಕೂತವು. ಇವತ್ತು ರೈಲಿನಲ್ಲಿ ಕಟ್ಲೆಟ್ ಅಂದ್ರೆ ಬಹಳ ಜನಕ್ಕೆ ತರಕಾರಿದೇ.

1880ರ ದಶಕದ ಕೊನೆಗೆ ಲೋಂಡಾ, ಕ್ಯಾಸಲ್‌ರಾಕ್ ಮಾರ್ಗವಾಗಿ ಗೋವಾಕ್ಕೂ ಹಳಿ ಕೂಡಿತು. ಪೋರ್ಚುಗೀಸರ ಪಾವ್ ಬೆಂದದ್ದು ಆ ತುದಿಯಲ್ಲಿ, ಹುಬ್ಬಳ್ಳಿ ಈ ತುದಿಯಲ್ಲಿ. ಬಿಲ್ಲೆ ಒಂದು ಕಡೆಯಿಂದ, ಬ್ರೆಡ್ ಇನ್ನೊಂದು ಕಡೆಯಿಂದ. ಎರಡೂ ಕೂಡಿದ್ದರೆ ಬರ್ಗರ್ ಆಗೋದು. ಆದರೆ ಬರ್ಗರ್ ಅನ್ನೋ ಹೆಸರು ಇಲ್ಲಿ ನಾಲಿಗೆಗೆ ಹತ್ತಲು ಇನ್ನೂ ನೂರು ವರ್ಷ ಬೇಕಾಯ್ತು.

ಬೀಫ್ ಇಲ್ಲದ ಬರ್ಗರ್

1995ರ ಜೂನ್‌ನಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಕೆಎಫ್‌ಸಿ ದೇಶದ ಮೊದಲ ಅಂಗಡಿ ತೆರೆಯಿತು. 1996ರ ಜನವರಿಯಲ್ಲಿ ಪ್ರೊ. ಎಂ.ಡಿ. ನಂಜುಂಡಸ್ವಾಮಿ ಅವರ ರೈತ ಸಂಘದವರು ಅದರ ಮೇಲೆ ದಾಳಿ ಮಾಡಿದರು. ಅವರ ತಕರಾರು ವಿದೇಶಿ ಕಂಪನಿಗಳು ನಮ್ಮ ಆಹಾರ, ನಮ್ಮ ಕೃಷಿಯನ್ನ ಹಿಡಿದುಕೊಳ್ಳುತ್ತವೆ ಅನ್ನೋದು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಮೆಕ್‌ಡೊನಾಲ್ಡ್ಸ್ ದೆಹಲಿಯ ವಸಂತ ವಿಹಾರದಲ್ಲಿ ಬಾಗಿಲು ತೆರೆಯಿತು. ಬೀಫ್ ಮೇಲೆ ಕಟ್ಟಿದ ಕಂಪನಿ, ಬೀಫ್ ಇಲ್ಲದ ಮೆನು ಇಟ್ಟುಕೊಂಡು ಬಂತು. ಬಿಗ್ ಮ್ಯಾಕ್ ಜಾಗದಲ್ಲಿ ಮಹಾರಾಜಾ ಮ್ಯಾಕ್, ಮೊದಲು ಮಟನ್, ಆಮೇಲೆ ಚಿಕನ್. ಜೊತೆಗೆ ಆಲೂ ಟಿಕ್ಕಿ.

ಹಾಗಾಗಿ ನನ್ನ ವಯಸ್ಸಿನವರು ತಿಂದ ಮೊದಲ ಬರ್ಗರ್ ಬಹುಪಾಲು ಆಲೂಗಡ್ಡೆಯದ್ದು. ಹೆಸರು ಹ್ಯಾಂಬರ್ಗ್‌ದು, ಒಳಗಿರೋದು ಬಟಾಟೆ. ಬೀಫ್ ಬರ್ಗರ್ ಬೇಕು ಅಂದವರಿಗೆ ನಮ್ಮಂಥ ಊರಲ್ಲಿ ಉಳಿದದ್ದು ಮನೆ. ಮನೆ ಅಂದ ಕೂಡಲೇ ಕಾನೂನು ತಿಳಿದಿರಬೇಕು. ಅದಕ್ಕೇ ಬರೋಣ.

ಹನ್ನೆರಡು ಇದ್ದದ್ದು ಹದಿಮೂರು ಆದದ್ದು

ಧಾರವಾಡ ಜಿಲ್ಲೆ 1956ರ ನವೆಂಬರ್ 1ರವರೆಗೆ ಮುಂಬೈ ರಾಜ್ಯದಲ್ಲಿತ್ತು. ಅಲ್ಲಿ 1948ರಲ್ಲೇ ಪ್ರಾಣಿ ಸಂರಕ್ಷಣೆಯ ಕಾನೂನು ಇತ್ತು. ಸಂವಿಧಾನ ಬರೆಯುವಾಗ 48ನೇ ವಿಧಿಯಲ್ಲಿ ಹಸು, ಕರು, ಹಾಲು ಕೊಡುವ ಮತ್ತು ಉಳುವ ಜಾನುವಾರುಗಳ ವಧೆ ತಡೆಯಲು ಸರ್ಕಾರ ಪ್ರಯತ್ನಿಸಬೇಕು ಅಂತ ಬಂತು. ಇದು ಮಾರ್ಗದರ್ಶಿ ಸೂತ್ರ, ರಾಜ್ಯಗಳು ತಮ್ಮ ತಮ್ಮ ಕಾನೂನು ಮಾಡಿಕೊಂಡವು.

1958ರಲ್ಲಿ ದೊಡ್ಡ ತೀರ್ಪು ಬಂತು. ಬಿಹಾರ, ಉತ್ತರ ಪ್ರದೇಶ, ಮಧ್ಯಪ್ರದೇಶದ ಕಾನೂನುಗಳನ್ನ ಖುರೇಶಿ ಸಮುದಾಯದ ಕಸಾಯಿಗಳು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದ್ದರು. ಹಸು ಮತ್ತು ಕರುಗಳ ವಧೆಗೆ ಪೂರ್ತಿ ನಿಷೇಧ ಸರಿ ಅಂತ ಕೋರ್ಟ್ ಹೇಳ್ತು. ಆದರೆ ಹಾಲು ಬತ್ತಿದ ಎಮ್ಮೆ, ಉಳಲಾರದ ಎತ್ತುಗಳಿಗೂ ಪೂರ್ತಿ ನಿಷೇಧ ಹಾಕೋದು ನ್ಯಾಯವಲ್ಲ ಅಂತಲೂ ಹೇಳ್ತು. ಮೇವು ಮೊದಲೇ ಕಡಿಮೆ, ದುಡಿಯುವ ಜಾನುವಾರುಗಳ ಪಾಲನ್ನ ದುಡಿಯದವು ತಿಂತಾವೆ ಅನ್ನೋದು ಒಂದು ಕಾರಣ. ಈ ಮಾಂಸ ಬಡವರ ಆಹಾರ ಅನ್ನೋದು ಇನ್ನೊಂದು. 2005ರಲ್ಲಿ ಗುಜರಾತಿನ ಮೊಕದ್ದಮೆಯಲ್ಲಿ ಏಳು ನ್ಯಾಯಮೂರ್ತಿಗಳ ಪೀಠ ಎತ್ತು ಹೋರಿಗಳ ವಿಷಯದಲ್ಲಿ ಈ ನಿಲುವನ್ನ ಬದಲಿಸಿ, ಪೂರ್ತಿ ನಿಷೇಧವನ್ನ ಎತ್ತಿಹಿಡಿಯಿತು.

ನಮ್ಮ ರಾಜ್ಯದಲ್ಲಿ 1964ರ ಕಾನೂನು ಬಹಳ ಕಾಲ ನಡೀತು. ಹಸು, ಕರು ಕಡಿಯುವ ಹಾಗಿರಲಿಲ್ಲ. ಎತ್ತು, ಹೋರಿ, ಎಮ್ಮೆ, ಕೋಣಕ್ಕೆ 12 ವರ್ಷ ದಾಟಿದ್ದರೆ, ಅಥವಾ ಗಾಯ, ಊನ ಏನಾದರೂ ಆಗಿ ಉಳುಮೆಗೆ, ಹಾಲಿಗೆ, ತಳಿಗೆ ಶಾಶ್ವತವಾಗಿ ಬಾರದಂತಾಗಿದ್ದರೆ ಪ್ರಮಾಣಪತ್ರ ಸಿಗ್ತಿತ್ತು. 2010ರಲ್ಲಿ ಬಿಗಿಯಾದ ಮಸೂದೆ ಪಾಸಾಯ್ತು, ರಾಷ್ಟ್ರಪತಿಗಳ ಅಂಕಿತ ಸಿಗಲಿಲ್ಲ, 2013ರಲ್ಲಿ ಬಂದ ಸರ್ಕಾರ ಅದನ್ನ ಹಿಂದಕ್ಕೆ ತಗೊಂಡಿತು. 2020ರ ಡಿಸೆಂಬರ್‌ನಲ್ಲಿ ವಿಧಾನಸಭೆ ಹೊಸ ಮಸೂದೆ ಒಪ್ಪಿತು, 2021ರ ಜನವರಿಯಲ್ಲಿ ಸುಗ್ರೀವಾಜ್ಞೆ, ಫೆಬ್ರವರಿಯಲ್ಲಿ ವಿಧಾನ ಪರಿಷತ್ತಿನ ಧ್ವನಿಮತ, ಹೀಗೆ ಕಾನೂನು ಜಾರಿಗೆ ಬಂತು.

ಈ ಕಾನೂನು 'ಜಾನುವಾರು' ಅಂದ್ರೆ ಏನು ಅಂತ ಹೇಳುವ ರೀತಿ ಕೇಳಿ. ಹಸು, ಕರು, ಎತ್ತು, ಹೋರಿ ಯಾವ ವಯಸ್ಸಿನದ್ದಾದರೂ ಜಾನುವಾರು. ಎಮ್ಮೆ, ಕೋಣ 13 ವರ್ಷದೊಳಗಿದ್ದರೆ ಮಾತ್ರ ಜಾನುವಾರು. ಬೀಫ್ ಅಂದ್ರೆ ಈ 'ಜಾನುವಾರು'ವಿನ ಮಾಂಸ. ಅಂದ್ರೆ 13 ತುಂಬಿದ ಎಮ್ಮೆಯ ಮಾಂಸ, ಕಾನೂನಿನ ಭಾಷೆಯಲ್ಲಿ, ಬೀಫೇ ಅಲ್ಲ! ಒಂದು ಹುಟ್ಟುಹಬ್ಬದ ಈಚೆ ಆಚೆ ಇಷ್ಟು ವ್ಯತ್ಯಾಸ. ಗೆರೆ ದಾಟಿ ಕಡಿದರೆ 3ರಿಂದ 7 ವರ್ಷ ಜೈಲು, ಮೊದಲ ಸಲಕ್ಕೆ ಒಂದೊಂದು ಪ್ರಾಣಿಗೆ 50,000ದಿಂದ 5 ಲಕ್ಷ ರೂಪಾಯಿ ದಂಡ.

ಎಮ್ಮೆಯ ಲೆಡ್ಜರ್

ಈಗ ಪೇಢಾ. ನಾನು ಓದಿದ್ದು ಬಿ.ಕಾಂ. ಹಾಗಾಗಿ ಲೆಕ್ಕದ ಕಣ್ಣಿನಿಂದ ನೋಡ್ತೀನಿ, ಸ್ವಲ್ಪ ಸಹಿಸ್ಕೋಬೇಕು.

ಧಾರವಾಡ ಪೇಢಾಗೆ ಜಿಐ ಟ್ಯಾಗ್ ಇರೋದು ನಿಮಗೆಲ್ಲಾ ಗೊತ್ತು. ಅದರ ಹಿಂದಿನ ಎಮ್ಮೆಗೂ ಈಗ ಸ್ವಂತ ಹೆಸರಿದೆ. 'ಧಾರವಾಡಿ' ಎಮ್ಮೆಯನ್ನ ಧಾರವಾಡದ ಕೃಷಿ ವಿಶ್ವವಿದ್ಯಾಲಯದವರು ಅಧ್ಯಯನ ಮಾಡಿದರು, 2021ರಲ್ಲಿ ಅದು ದೇಶದ ಅಧಿಕೃತ ತಳಿಗಳ ಪಟ್ಟಿಗೆ ಸೇರಿತು. ಅರ್ಧಚಂದ್ರದಂಥ ಕೋಡು, ಕೊಬ್ಬು ಹೆಚ್ಚಿರುವ ಹಾಲು. ಇದನ್ನ ತಲೆಮಾರುಗಳಿಂದ ಸಾಕಿದವರು ಗೌಳಿಗರು. ಅದೇ 2021ರಲ್ಲಿ, ಕೆಲವೇ ತಿಂಗಳ ಅಂತರದಲ್ಲಿ, ಒಂದು ಕಡೆ ಎಮ್ಮೆಗೆ ಮಾನ್ಯತೆ ಬಂತು, ಇನ್ನೊಂದು ಕಡೆ ಅದರ ಮಾರಾಟದ ವಯಸ್ಸು ಏರಿತು.

ಲೆಕ್ಕಕ್ಕೆ ಅಂತ ಒಂದು ಎಮ್ಮೆ ಇಟ್ಟುಕೊಳ್ಳೋಣ. ಅಂಕಿಗಳು ನನ್ನ ಉದಾಹರಣೆ ಅಷ್ಟೇ. ಗೌಳಿ 80,000 ಕೊಟ್ಟು ಎಮ್ಮೆ ತಂದ. ಅದು ಹಾಲು ಕೊಡ್ತು, ಕರು ಹಾಕ್ತು, ಒಂಬತ್ತನೇ ವರ್ಷಕ್ಕೆ ಕೆಚ್ಚಲಿಗೆ ಏನೋ ಆಗಿ ಹಾಲು ನಿಂತಿತು. ಹಳೆಯ ಕಾನೂನಿನಲ್ಲಿ ಡಾಕ್ಟರ ಸರ್ಟಿಫಿಕೇಟ್ ಸಿಕ್ಕರೆ ಅದನ್ನ 25,000ಕ್ಕೆ ಮಾರಬಹುದಿತ್ತು. ಅಕೌಂಟ್ಸ್ ಓದಿದವರಿಗೆ ಇದು ಗೊತ್ತು, ಸ್ಕ್ರ್ಯಾಪ್ ವ್ಯಾಲ್ಯೂ. ಯಂತ್ರ ಹಳತಾದ ಮೇಲೂ ಅದರಿಂದ ಬರುವ ಕೊನೆಯ ಹಣ. ಆ ಹಣವೇ ಮುಂದಿನ ಎಮ್ಮೆಯ ಅಡ್ವಾನ್ಸು. ಈಗ 13 ತುಂಬುವವರೆಗೆ ಕಾಯಬೇಕು. ದಿನಕ್ಕೆ 100 ರೂಪಾಯಿ ಮೇವು ಅಂದ್ರೂ ನಾಲ್ಕು ವರ್ಷಕ್ಕೆ 1,46,000. ಎಮ್ಮೆ ತಂದ ಬೆಲೆಗಿಂತ ಜಾಸ್ತಿ, ಹಾಲು ಒಂದು ಹನಿ ಇಲ್ಲದೇ. ನಾಲ್ಕು ವರ್ಷ ಆದ ಮೇಲೂ ವಯಸ್ಸು ತೋರಿಸೋಕೆ ಕಾಗದ ಬೇಕು, ಸಾಗಿಸೋಕೆ ಕಾಗದ ಬೇಕು. ದಾರಿಯಲ್ಲಿ ಯಾರು ತಡೆಯುತ್ತಾರೋ ಅನ್ನೋ ಭಯಕ್ಕೆ ಯಾವ ಕಾಗದವೂ ಸಾಲೋದಿಲ್ಲ.

ಹಾಲಿನ ದರ, ಪೇಢಾದ ದರ ಎರಡರೊಳಗೂ ಈ ಕೊನೆಯ ಹಣ ಅಡಗಿ ಕೂತಿರ್ತದೆ. ಅದನ್ನ ತೆಗೆದರೆ ಆ ಭಾರವನ್ನ ಯಾರಾದರೂ ಹೊರಬೇಕು. ಒಂದೋ ಹಾಲು ಕುಡಿಯುವ ನಾವು ಹೆಚ್ಚು ಕೊಡಬೇಕು, ಇಲ್ಲಾ ಸರ್ಕಾರ ಕೊಡಬೇಕು. ಇಬ್ಬರೂ ಕೊಡದಿದ್ದರೆ ಗೌಳಿ ಎಮ್ಮೆ ಕಟ್ಟೋದನ್ನೇ ಬಿಡ್ತಾನೆ. ಮುದಿ ಜಾನುವಾರು ಕೊಲ್ಲಬಾರದು ಅನ್ನೋರ ಕರುಣೆ ಸುಳ್ಳಲ್ಲ. ಹಸುವಿಗೆ ಕೈಮುಗಿಯುವ ಮನೆಗಳಲ್ಲಿ ಆ ನಂಬಿಕೆ ನಿಜವಾದದ್ದು. ಆದರೆ ಆ ಕರುಣೆಯ ಬಿಲ್ಲು ಇವತ್ತು ಬಹುಪಾಲು ಹೋಗ್ತಿರೋದು, ದನ ಕಟ್ಟಿದವರ ಮನೆಗೆ.

ತಿನ್ನುವವರ ಕಡೆಗೂ ಬಿಲ್ಲು ಇದೆ. ಡಾ. ಅಂಬೇಡ್ಕರ್ 1948ರಲ್ಲಿ ಬಂದ ಅಸ್ಪೃಶ್ಯರ ಕುರಿತ ಪುಸ್ತಕದಲ್ಲಿ, ಸತ್ತ ದನದ ಮಾಂಸ ತಿನ್ನೋದಕ್ಕೂ ಅಸ್ಪೃಶ್ಯತೆಗೂ ಇರುವ ಸಂಬಂಧವನ್ನೇ ವಾದವಾಗಿ ಮುಂದಿಟ್ಟರು. ತಟ್ಟೆಯಿಂದ ಜಾತಿ ಅಳೆಯುವ ಚಟ ಅಷ್ಟು ಹಳೆಯದು. ಬಾಡಿಗೆ ಮನೆ ಹುಡುಕಿದ ನಿಮಗೆ ಅದರ ಹೊಸ ರೂಪ ಗೊತ್ತೇ ಇದೆ. "ನೀವು ವೆಜ್ಜಾ?" ಅನ್ನೋ ಪ್ರಶ್ನೆ ಅಡ್ವಾನ್ಸ್ ಎಷ್ಟು ಅನ್ನೋದಕ್ಕಿಂತ ಮೊದಲು ಬರ್ತದೆ.

ಶೆಗಡಿ ಹಚ್ಚೋಣ

ಇಷ್ಟು ಕೇಳಿದ ಮೇಲೆ ಅಡುಗೆ ಹೇಳದಿದ್ದರೆ ಬೈಯ್ತೀರಿ. ನಮ್ಮ ಮಾಂಸದ ಇತಿಹಾಸವೇ ಇಲ್ಲಿ ರೆಸಿಪಿ ಬರೀತದೆ. ಅಮೆರಿಕದ ವಿಡಿಯೋ ಎರಡು ವರ್ಷದ ಎಳೆ ದನಕ್ಕೆ ಬರೆದದ್ದು. ನಿಮ್ಮ ಕೈಲಿರೋದು ಹದಿಮೂರು ದಾಟಿದ ಎಮ್ಮೆ.

ಮೊದಲನೇದು, ಲೈಸೆನ್ಸ್ ಇರುವ ಅಂಗಡಿಯಲ್ಲೇ ತಗೊಳ್ಳಿ, ಬಿಲ್ಲು ಕೇಳಿ. ಎಮ್ಮೆ ಮಾಂಸದ ಬಣ್ಣ ಗಾಢ ಕೆಂಪು, ಕೊಬ್ಬು ಬೆಳ್ಳಗಿರ್ತದೆ.

ಎರಡನೇದು, ಕೊಬ್ಬು. ಎಮ್ಮೆ ಮಾಂಸದ ಎಳೆಗಳ ನಡುವೆ ಕೊಬ್ಬು ಕಡಿಮೆ, ಹಂಗೇ ಸುಟ್ಟರೆ ಒಣಗಿ ಹೆಂಟೆಯಾಗ್ತದೆ. 400 ಗ್ರಾಂ ಭುಜದ ಮಾಂಸಕ್ಕೆ ಅದೇ ಪ್ರಾಣಿಯ 100 ಗ್ರಾಂ ಕೊಬ್ಬು ಸೇರಿಸಿ. ಬಿಳಿ ನರ, ಪೊರೆ ಕಂಡರೆ ಕತ್ತರಿಸಿ ತೆಗೀರಿ. ಅರ್ಧ ಗಂಟೆ ಫ್ರೀಜರ್‌ನಲ್ಲಿಟ್ಟು ತಣ್ಣಗೆ ಮಾಡಿ, ಮೊದಲು ದಪ್ಪಗೆ, ಆಮೇಲೆ ಸಣ್ಣಗೆ, ಎರಡು ಸಲ ತಿರುವಿಸಿ. ವಯಸ್ಸಾದ ಮಾಂಸಕ್ಕೆ ಎರಡನೇ ಸುತ್ತು ಬೇಕೇ ಬೇಕು.

ಮೂರನೇದು, ಉಪ್ಪು. ಖೀಮಾಕ್ಕೆ ಮೊದಲೇ ಉಪ್ಪು ಕಲಸಿ ನಾದಿದರೆ ಅದರ ಪ್ರೋಟೀನ್ ಅಂಟಾಗಿ ಶೀಕ್ ಕಬಾಬ್‌ನಂತೆ ಬಿಗಿಯಾಗ್ತದೆ. ಕಬಾಬ್‌ಗೆ ಅದು ಬೇಕು, ಕಡ್ಡಿಗೆ ಹಿಡಿದು ನಿಲ್ಲಬೇಕಲ್ಲ. ಬರ್ಗರ್‌ಗೆ ಬೇಡ. ಹಗುರ ಕೈಯಲ್ಲಿ 125 ಗ್ರಾಮಿನ ನಾಲ್ಕು ಬಿಲ್ಲೆ ಮಾಡಿ, ಬನ್ನಿಗಿಂತ ಸ್ವಲ್ಪ ಅಗಲ, ನಡುವೆ ಹೆಬ್ಬೆರಳಿನಿಂದ ಒಂದು ತಗ್ಗು. ಇಲ್ಲಾಂದ್ರೆ ಬೇಯುವಾಗ ನಡು ಉಬ್ಬಿ ಚೆಂಡಾಗ್ತದೆ. ಉಪ್ಪು, ಕಾಳುಮೆಣಸು ಬೆಂಕಿಗಿಡುವ ಮುಂಚೆ ಮೇಲಷ್ಟೇ ಉದುರಿಸಿ.

ನಾಲ್ಕನೇದು, ಬೆಂಕಿ. ಗ್ರಿಲ್ ಇಲ್ಲದಿದ್ದರೆ ಇದ್ದಿಲಿನ ಶೆಗಡಿ, ಮೇಲೆ ಕಬ್ಬಿಣದ ಜಾಳಿಗೆ. ಹೊರಗೆ, ಗಾಳಿಯಾಡುವ ಜಾಗದಲ್ಲೇ ಹಚ್ಚಿ, ಮುಚ್ಚಿದ ಕೋಣೆಯಲ್ಲಿ ಇದ್ದಿಲಿನ ಹೊಗೆ ಜೀವಕ್ಕೇ ಅಪಾಯ. ಕೆಂಡದ ಮೇಲೆ ಬೂದಿ ಕೂತಾಗ ಬಿಲ್ಲೆ ಇಡಿ. ಒಂದೊಂದು ಕಡೆ ನಾಲ್ಕು ನಿಮಿಷ. ಸೌಟಿನಿಂದ ಒತ್ತಬೇಡ್ರೀ, ಒತ್ತಿದರೆ ಸೇರಿಸಿದ ಕೊಬ್ಬೆಲ್ಲಾ ಕೆಂಡದ ಪಾಲು.

ಐದನೇದು, ಪೂರ್ತಿ ಬೇಯಬೇಕು. ಒಳಗೆ ಕೆಂಪಗಿರೋದೇ ಸ್ಟೈಲು ಅನ್ನೋದು ಖೀಮಾಕ್ಕೆ ಹೊಂದೋದಿಲ್ಲ. ಇಡೀ ತುಂಡಿನಲ್ಲಿ ಬ್ಯಾಕ್ಟೀರಿಯಾ ಹೊರಮೈ ಮೇಲಿರ್ತಾವೆ, ತಿರುವಿದ ಕೂಡಲೇ ಒಳಗೂ ಬೆರೀತಾವೆ. 1993ರಲ್ಲಿ ಅಮೆರಿಕದ ಜ್ಯಾಕ್ ಇನ್ ದ ಬಾಕ್ಸ್ ಅಂಗಡಿಗಳ ಅರೆಬೆಂದ ಬರ್ಗರ್ ತಿಂದು 700ಕ್ಕೂ ಹೆಚ್ಚು ಜನ ಕಾಯಿಲೆಬಿದ್ದರು, ನಾಲ್ಕು ಮಕ್ಕಳು ತೀರಿಕೊಂಡವು. ಒಳಗಿನ ಬಿಸಿ 71 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು. ಅಡುಗೆ ಥರ್ಮಾಮೀಟರ್ ಒಂದು ತಗೊಂಡಿಡಿ.

ಇಳಿಸಿ ಮೂರು ನಿಮಿಷ ಬಿಡಿ. ಬೇಕರಿ ಬನ್ನನ್ನ ಅದೇ ಜಾಳಿಗೆ ಮೇಲೆ ಬೆಣ್ಣೆ ಹಚ್ಚಿ ಬಿಸಿ ಮಾಡಿ. ಹಸಿ ಉಳ್ಳಾಗಡ್ಡಿ, ಟೊಮೆಟೊ, ಮತ್ತೆ ಮೊಸರಿನಲ್ಲಿ ಕಲಸಿದ ಕೆಂಪು ರಂಜಕ. ಬ್ಯಾಡಗಿ ಮೆಣಸಿನಕಾಯಿಯ ಮುಂದೆ ಬಾಟ್ಲಿ ಸಾಸು ನಿಲ್ಲೋದಿಲ್ಲ. ಬೀಫ್ ಬೇಡ ಅಂದೋರು ಇದನ್ನೇ ಮಟನ್ ಖೀಮಾದಲ್ಲಿ ಮಾಡಬಹುದು, ವಿಧಾನ ಅದೇ.

ಮುಗಿಸೋ ಮೊದಲು

ಬರ್ಗರ್ ಅನ್ನೋದು ಮುದಿ ಪ್ರಾಣಿಯನ್ನ, ಗಟ್ಟಿ ತುಂಡನ್ನ ವ್ಯರ್ಥ ಮಾಡದ ಅಡುಗೆ. ಹ್ಯಾಂಬರ್ಗ್‌ನಿಂದ ಹಡಗು ಹತ್ತಿದ ಬಡವರಿಗೆ ಅದು ಗೊತ್ತಿತ್ತು, ಹಳೇ ಹುಬ್ಬಳ್ಳಿಯ ಕಬಾಬ್‌ನವರಿಗೂ ಗೊತ್ತು. ನಮ್ಮೂರಿನಲ್ಲಿ ಆ ಮುದಿ ಪ್ರಾಣಿ, ವರ್ಷಗಟ್ಟಲೆ ಹಾಲು ಕೊಟ್ಟ ಎಮ್ಮೆ. ಲೆಡ್ಜರಿನ ಮೊದಲ ಪುಟಗಳಲ್ಲಿ ಮೊಸರು, ಬೆಣ್ಣೆ, ಪೇಢಾ ಅಂತ ಬರೆದುಕೊಂಡವರು ನಾವೆಲ್ಲರೂ, ವೆಜ್ಜೋ ನಾನ್‌ವೆಜ್ಜೋ ಅನ್ನೋ ಭೇದ ಇಲ್ಲದೇ. ಕೊನೆಯ ಪುಟ ಬಂದಾಗ ಮಾತ್ರ ಅದು ಬೇರೆ ಯಾರದ್ದೋ ಪುಸ್ತಕ ಅಂತ ಮುಖ ತಿರುಗಿಸ್ತೀವಿ.

ಆ ಪುಟದಲ್ಲಿ ಏನು ಬರೀಬೇಕು ಅಂತ ವಾದ ಇರಲಿ, ಇರಬೇಕು. ವಾದ ಮಾಡುವಾಗ ಗೌಳಿಯ ಮನೆಯ ಲೆಕ್ಕವನ್ನೂ ಟೇಬಲ್ ಮೇಲೆ ಇಡಿ ಅನ್ನೋದಷ್ಟೇ ನನ್ನ ಕೋರಿಕೆ.

ಇವತ್ತಿಗೆ ಇಷ್ಟು. ನಿಮ್ಮ ಮನೆಯಲ್ಲಿ, ನಿಮ್ಮ ಓಣಿಯಲ್ಲಿ ಖೀಮಾಕ್ಕೆ, ಕಟ್ಲೆಟ್‌ಗೆ ಬೇರೆ ಹೆಸರಿದ್ದರೆ ವಾಯ್ಸ್ ನೋಟ್ ಕಳಿಸಿ. ಮುಂದಿನ ವಾರ ಗಿರ್ಮಿಟ್ ಬಗ್ಗೆ ಮಾತಾಡೋಣ, ಅಲ್ಲಿ ಜಗಳ ಇನ್ನೂ ಜೋರಿದೆ. ಬರ್ತೀನ್ರೀ, ನಮಸ್ಕಾರ.